ನೀರುಂಡೋ ಮೋಳೇ?

ಕಾಲು ಮುರಿದದ್ದು ಒಂದೇ ಸಲ. ಅದರಿಂದ ನಗೆಪಾಟಲಾಗುವುದು ಮಾತ್ರ ಎರಡು ವರ್ಷವಾದರೂ ನಿಂತಿಲ್ಲ. ಕೇರಳದಲ್ಲಿ ಕನ್ನಡದವಳ ಕಾಲು ಮುರಿದರೆ ಹೀಗೇ. ಅರ್ಥವಾಗದಿದ್ದರೂ ಕೇಳಲು ನಾಚಿ ತಲೆಯಾಡಿಸುವವಳಾದರಂತೂ ಮುಗಿದೇ ಹೋಯಿತು!

ಮೂಳೆ

ತಿರುವನಂತಪುರದಲ್ಲಿ ಬ್ಯಾಂಕ್ ಕೆಲಸಕ್ಕೆ ಸೇರಿದ ಹೊಸದರಲ್ಲೇ ಮೆಟ್ಟಿಲು ತಪ್ಪಿ ಪಾದದ ಕೀಲು ಮುರಿಯಿತು. ಪ್ಲೇಟ್ ಹಾಕಿದರು. ಹಿರಿಯ ನರ್ಸ್ ಬಂದಾಗಲೆಲ್ಲ "ಎಂದಾ ಮೋಳೇ?" ಅನ್ನುವರು. ಮೂಳೆ ಮುರಿದವರನ್ನು ಇಲ್ಲಿ ಮೂಳೆ ಅಂತಲೇ ಕರೆಯುತ್ತಾರೆ ಅಂದುಕೊಂಡೆ. ಅದು "ಏನು ಮಗಳೇ" ಅಂತ ತಿಳಿಯುವಷ್ಟರಲ್ಲಿ, ಪಕ್ಕದ ಹಾಸಿಗೆಯ ಹೊಟ್ಟೆನೋವಿನ ಹುಡುಗಿಯನ್ನು ನಾನು "ನಿಮ್ಮದು ಯಾವ ಮೂಳೆ?" ಎಂದು ಕೇಳಿಯಾಗಿತ್ತು.

ನೀರು

ಕೊಚ್ಚಿಗೆ ವರ್ಗವಾಯಿತು. ಬೆಳಗ್ಗೆ ಎದ್ದರೆ ಕೀಲು ತುಕ್ಕು ಹಿಡಿದ ಗೇಟು. ಸಂಜೆ ವೈಟ್ಟಿಲದಲ್ಲಿ ಬಸ್ಸಿಳಿಯುವಾಗ ಚಪ್ಪಲಿ ಬಿಗಿ. ಆದರೂ ಆಫೀಸಿನ ಓಣಂಗೆ ತಿರುವಾದಿರ ಕುಣಿಯಲೇಬೇಕೆಂಬ ಆಸೆ. ಹೆಂಗಸರು ವೃತ್ತ ಕಟ್ಟಿ, ಬಾಗಿ, ಚಪ್ಪಾಳೆ ತಟ್ಟುವ ಕುಣಿತ ಅದು. ಫಿಸಿಯೋಥೆರಪಿ ಸಾರ್ "ಮೊದಲು ಕಾಲು ನೋಡೋಣ" ಅಂದು ಪಾದ ಒತ್ತಿದರು. "ನೀರುಂಡೋ?"

ಉಂಡೋ ಅಂದರೆ ಇದೆಯಾ ಅಂತ ಅಷ್ಟರಲ್ಲಿ ಕಲಿತಿದ್ದೆ. "ಉಂಡು ಸಾರ್!" ಎಂದು ಬ್ಯಾಗಿನಿಂದ ಬಾಟಲಿ ತೆಗೆದು ಕೊಟ್ಟೆ.

ಮಲಯಾಳಂನಲ್ಲಿ ನೀರು ಅಂದರೆ ಊತವಂತೆ! ಸಾರ್ ಬಾಟಲಿ ನೋಡಿದರು, ಪಾದ ನೋಡಿದರು. "ಊತವನ್ನು ಬಾಟಲಿಯಲ್ಲಿ ತಂದವಳು ನೀನೊಬ್ಬಳೇ, ಮೋಳೇ."

ಇರಿ

ಮೈಸೂರಿನಿಂದ ಬಂದ ಅಮ್ಮನನ್ನೂ ಒಮ್ಮೆ ಕರೆದೊಯ್ದೆ. ಸಾರ್ ಪಾದ ಬಗ್ಗಿಸಿದರು, ನಾನು ಚೀರಿದೆ, ಅಮ್ಮ "ಇರಿ, ಇರಿ!" ಎಂದು ಕೂಗಿದಳು. ಮಲಯಾಳಂನಲ್ಲಿ ಇರಿ ಅಂದರೆ ಕೂತ್ಕೋ. ಸಾರ್ ತಬ್ಬಿಬ್ಬಾಗಿ ಸ್ಟೂಲಿನ ಮೇಲೆ ಕೂತರು. ಮತ್ತೆ ಎದ್ದು ಪಾದ ಹಿಡಿದರು. "ಅಯ್ಯೋ, ಇರಿ ಅಂದ್ನಲ್ಲ!" ಮತ್ತೆ ಕೂತರು.

ಅಮ್ಮ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಪಾಪ ಕಣೇ, ಇವರ ಕಾಲಿಗೂ ಏನೋ ಆಗಿದೆ."

ಸಾಕು

ಓಣಂ ಬಂದೇಬಿಟ್ಟಿತು! "ಕುಣಿ, ಜಿಗಿಯಬೇಡ. ಸಂಜೆ ಊದಿದರೆ ಗಾಬರಿಯಾಗಬೇಡ" ಅಂದರು ಸಾರ್. ಹಿಂದಿನ ಸಾಲಿನಲ್ಲಿ ಅಡಗೋಣವೆಂದರೆ ವೃತ್ತಕ್ಕೆ ಹಿಂದಿನ ಸಾಲೇ ಇಲ್ಲ! ಆದರೂ ಕುಣಿದೆ. ಕೊನೆಯ ಚಪ್ಪಾಳೆಯವರೆಗೂ ಕಾಲು ಕೈಕೊಡಲಿಲ್ಲ!

ಮುಗಿಸಿ ಕುರ್ಚಿಯಲ್ಲಿ ಕುಸಿದಾಗ ಪಾದ ಬನ್ನಿನಂತೆ ಊದಿತ್ತು. ಅದನ್ನೇ ನೋಡುತ್ತ ಏದುಸಿರು ಬಿಡುತ್ತಿದ್ದೆ. ಕುಣಿತ ಕಲಿಸಿದ ಚೇಚಿ, ಅಂದರೆ ಅಕ್ಕ, ನನಗೋಸ್ಕರವೇ ಒಂದು ಕನ್ನಡ ಮಾತು ಕಲಿತು, ಲೋಟ ಹಿಡಿದು ಓಡಿಬಂದರು: "ನೀರು ಬೇಕಾ?"

ಎರಡು ವರ್ಷದಲ್ಲಿ ನನ್ನ ಕಿವಿ ಪೂರ್ತಿ ಮಲಯಾಳಿಯಾಗಿತ್ತು. ತಲೆಯೆತ್ತದೆಯೇ ಅಂದೆ:

"ಬೇಡ ಚೇಚೀ, ಇರೋದೇ ಸಾಕು!"