ಮೆಟ್ಟಿಲ ಕೆಳಗಿನ ಪೆಟ್ರೋಲು

ಮೂರು ವರ್ಷದ ಹಿಂದೆ, ಇನ್ನು ಪೆಟ್ರೋಲು ಸಿಗುವುದಿಲ್ಲವಂತೆ ಎಂಬ ಸುದ್ದಿ ಹಬ್ಬಿದಾಗ ನಮ್ಮ ಬಡಾವಣೆ ವಿನೋಬನಗರದಲ್ಲಿ ಎದೆಗುಂದದೆ ಇದ್ದವನು ನಾನೊಬ್ಬನೇ. ಕಾರಿನ ಟ್ಯಾಂಕ್ ತುಂಬಿಸಿಕೊಂಡು ಬಂದು, ಪೈಪು ಹಾಕಿ ಇಪ್ಪತ್ತು ಲೀಟರನ್ನು ಪ್ಲಾಸ್ಟಿಕ್ ಕ್ಯಾನಿಗೆ ಇಳಿಸಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಭದ್ರಪಡಿಸಿದೆ. ಸುದ್ದಿ ಸುಳ್ಳಾಯಿತು. ಕ್ಯಾನು ಅಲ್ಲೇ ಉಳಿಯಿತು.

ಮೊನ್ನೆ ಭಾನುವಾರ ನನ್ನ ಹೆಂಡತಿ ಶಾರದೆಗೆ ಭದ್ರಾವತಿಯಲ್ಲಿ ಸಂಗೀತದ ಸೀನಿಯರ್ ಪರೀಕ್ಷೆ. ಎರಡು ಸಲ ಫೇಲಾಗಿ, ಐವತ್ತೆರಡನೆಯ ವಯಸ್ಸಿನಲ್ಲಿ ಮೂರನೆಯ ಪ್ರಯತ್ನ. ಹೊರಡುವಾಗ ನೋಡಿದರೆ ಟ್ಯಾಂಕ್ ಖಾಲಿ! ದಾರಿಯಲ್ಲೇ ಬಂಕ್ ಇದೆಯಲ್ಲ ಎಂದಳು. ಮನೆಯಲ್ಲೇ ದಾಸ್ತಾನು ಇರುವಾಗ ಬಂಕ್ ಏಕೆಂದು ನಾನು ಕ್ಯಾನನ್ನು ಹೊರತಂದೆ. ಅದು ಹೊಟ್ಟೆ ಉಬ್ಬಿಸಿಕೊಂಡಿತ್ತು. ಮುಚ್ಚಳ ತಿರುಗಿಸಿದರೆ ಬುಸ್ಸೆಂದಿತು. ಒಳಗೆ ಕಷಾಯದ ಬಣ್ಣ.

“ರೀ, ಹಳಸಿದ ವಾಸನೆ ಬರ್ತಿದೆ,” ಎಂದಳು ಶಾರದೆ.

ಹಳಸುವುದಕ್ಕೆ ಇದೇನು ಸಾಂಬಾರೇ ಎಂದು ನಕ್ಕೆ. ಪಕ್ಕದ ಮನೆಯ ನಾಗರಾಜಪ್ಪನವರ ಸ್ಕೂಟರಿಗೆ ಎರಡು ಲೀಟರ್ ದಾನ ಮಾಡಿ, ಉಳಿದದ್ದನ್ನೆಲ್ಲ ಕಾರಿಗೆ ಸುರಿದೆ.

ಮಾಚೇನಹಳ್ಳಿ ದಾಟುವಷ್ಟರಲ್ಲಿ ಕಾರು ಕೆಮ್ಮಿತು, ಜಗ್ಗಿತು, ನಿಂತಿತು. ಪರೀಕ್ಷೆಗೆ ಇನ್ನು ಅರ್ಧ ಗಂಟೆ. ಶಾರದೆ ಶ್ರುತಿಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ ಹೋದಳು. ತಿರುಗಿಯೂ ನೋಡಲಿಲ್ಲ.

ಹತ್ತಿರದ ಗ್ಯಾರೇಜಿನ ಇರ್ಫಾನ್ ಬಂದು ಪೈಪು ಬಿಚ್ಚಿದ. ಕಂದು ಬಣ್ಣದ ಅಂಟು ತೊಟ್ಟಿಕ್ಕಿತು. ಬೆರಳಿಗೆ ತಾಗಿಸಿ ಮೂಸಿದ.

“ಇದು ಒಂದು ಕಾಲದಲ್ಲಿ ಪೆಟ್ರೋಲ್ ಆಗಿತ್ತು ಸಾರ್. ಈಗ ವಾರ್ನಿಷ್ಷು. ಕೆಲವು ತಿಂಗಳು ಇಟ್ರೇ ಕೆಡುತ್ತೆ. ಎಲ್ಲಿಟ್ಟಿದ್ರಿ?”

ಮೂರು ವರ್ಷದಿಂದ ಮೆಟ್ಟಿಲ ಕೆಳಗೆ, ಅಡುಗೆಮನೆಯ ಗೋಡೆಗೆ ಒತ್ತಿಕೊಂಡು ಇತ್ತು ಎಂದೆ. ಅವನ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು.

“ಗ್ಯಾಸ್ ಒಲೆ ಪಕ್ಕದಲ್ಲಾ? ಇದ್ರ ಆವಿಗೆ ಒಂದು ಕಿಡಿ ಸಾಕು ಸಾರ್. ನೀವು ಇಲ್ಲಿ ನಿಂತು ಮಾತಾಡ್ತಿರೋದೇ ದೊಡ್ಡದು.”

ಮೂರು ವರ್ಷ ಶಾರದೆ ಆ ಗೋಡೆಯ ಆಚೆಗೆ ಒಗ್ಗರಣೆ ಹಾಕಿದ್ದಳು. ನಾನು ಅದೇ ಗೂಡಿನೆದುರು ನಿಂತು ಮೊಮ್ಮಗಳಿಗೆ ಸುರುಸುರುಬತ್ತಿ ಹಚ್ಚಿಕೊಟ್ಟಿದ್ದೆ! ರಸ್ತೆಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಅಷ್ಟರಲ್ಲಿ ನಾಗರಾಜಪ್ಪನವರ ಫೋನು. ಸ್ಕೂಟರ್ ಸಿಗ್ನಲ್ ನಡುವೆ ನಿಂತಿದೆಯಂತೆ. ಎರಡು ಗಂಟೆ ಕಳೆದು, ಇರ್ಫಾನ್ ಟ್ಯಾಂಕ್ ತೊಳೆದು ಮುಗಿಸುವಾಗ ಶಾರದೆಯದು. ಸಮಯಕ್ಕೆ ತಲುಪಿದಳಂತೆ, ಚೆನ್ನಾಗಿ ಹಾಡಿದಳಂತೆ, ವಾಪಸ್ಸೂ ಬಸ್ಸಿನಲ್ಲೇ ಬರುತ್ತಾಳಂತೆ.

ಇರ್ಫಾನ್ ಕೈ ಒರೆಸಿಕೊಳ್ಳುತ್ತ ಕನಿಕರದಿಂದ ಕೇಳಿದ, “ಸಾರ್ ಏನ್ ಕೆಲ್ಸ ಮಾಡ್ತಿದ್ರಿ?”

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದ್ದೇನೆ ಎನ್ನಲು ನಾಲಿಗೆ ಏಳಲಿಲ್ಲ.

“ಕನ್ನಡ ಮೇಷ್ಟ್ರು,” ಎಂದೆ.