ಟ್ರೇಲರಿಗೆ ರಿವರ್ಸ್ ಲೈಟು ಹಾಕಿಸಿದ ರಗಳೆ

ಗಾಡಿಗೆ ಹೆಚ್ಚಿಗೆ ಎರಡು ರಿವರ್ಸ್ ಲೈಟು ಹಾಕಿಸುವುದು ಒಂದು ಭಾನುವಾರದ ಬೆಳಗಿನ ಕೆಲಸ ಎಂದುಕೊಂಡಿದ್ದೆ. ಅದು ಮೂರು ಭಾನುವಾರ ನುಂಗಿತು. ಪ್ರತಿ ಭಾನುವಾರವೂ ಜನ ನಗುವುದಕ್ಕೆ ಹೊಸದೊಂದು ಕಾರಣ ಕೊಟ್ಟಿತು. ನಾನು ಡೊಂಬಿವಲಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ವಿದ್ಯುತ್ತಿನ ಪಾಠ ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ಆದ್ದರಿಂದ ಇದರಲ್ಲಿ ಯಾವ ತಪ್ಪು ನನ್ನದು, ಯಾವುದು ಬೇರೆಯವರದು ಎಂದು ಸರಿಯಾಗಿ ವಿಂಗಡಿಸಿಯೇ ಬರೆಯುತ್ತೇನೆ. ಹೆಚ್ಚಿನವು ನನ್ನವು.

೧. ಗೋಡೆ

ನನ್ನ ಯಜಮಾನರದು ಕೇಟರಿಂಗ್ ಕೆಲಸವಾಗಿತ್ತು. ಒಂದು ವ್ಯಾನು, ಅದರ ಹಿಂದೆ ಕೊಕ್ಕೆಗೆ ಸಿಕ್ಕಿಸಿದ ಸಣ್ಣ ಟ್ರೇಲರು, ಟ್ರೇಲರಿನಲ್ಲಿ ಒಲೆ, ಕಡಾಯಿ, ಇಡ್ಲಿ ಪೆಟ್ಟಿಗೆ. ಹೋದ ವರ್ಷ ಅವರು ತೀರಿಕೊಂಡರು. ಈಗ ಎಲ್ಲ ನೋಡಿಕೊಳ್ಳುವುದು ನನ್ನ ಮೈದುನ.

ನಮ್ಮ ಕಟ್ಟಡದ ಅಡಿಯ ಪಾರ್ಕಿಂಗಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಕತ್ತಲೆ. ಟ್ರೇಲರು ಸಮೇತ ಹಿಂದಕ್ಕೇ ಒಳಗೆ ಹೋಗಬೇಕು. ಮೊದಲು ಮೈದುನ ಗಾಡಿ ಬಿಡುತ್ತಿದ್ದ, ಇವರು ಹಿಂದೆ ನಿಂತು ದಾರಿ ಹೇಳುತ್ತಿದ್ದರು. ಹಿಂದೆ ಯಾರೂ ಇಲ್ಲದಂತಾದ ಮೇಲೆ ಎರಡು ತಿಂಗಳಲ್ಲಿ ಟ್ರೇಲರು ಎರಡು ಸಲ ಗೋಡೆಗೆ ಗುದ್ದಿತು. ಸೊಸೈಟಿಯ ಸೆಕ್ರೆಟರಿ ಬಾಗಿಲಿಗೇ ಬಂದು ಹೇಳಿ ಹೋದರು: "ಟೀಚರ್, ತೀಸ್ರೀ ಬಾರ್ ಲಗಾ ತೋ ಗಾಡಿ ಬಾಹರ್."

ಮೂರನೆಯ ಸಲ ತಾಗಿ ಗಾಡಿ ಹೊರಗೆ ಹೋಯಿತು ಎಂದರೆ ಕಥೆ ಮುಗಿದ ಹಾಗೆ. ಡೊಂಬಿವಲಿಯ ರಸ್ತೆಯಲ್ಲಿ ಸೈಕಲ್ ನಿಲ್ಲಿಸಲಿಕ್ಕೇ ಜಾಗವಿಲ್ಲ, ಟ್ರೇಲರು ಎಲ್ಲಿ ನಿಲ್ಲಿಸುವುದು? ವ್ಯಾನು ಮಾರಬೇಕು, ಮೈದುನ ಮತ್ತೆ ಕಳವಾ ಊರಿನ ಹೋಟೆಲಿನ ಕೌಂಟರಿನಲ್ಲಿ ಕೂರಬೇಕು.

ಹಾಗಾಗಿ ಒಂದು ಸಲ ನಾನೇ ಹಿಂದೆ ನಿಂತೆ. "ಇನ್ನು ಸುಮಾರು ನಲವತ್ತು ಸೆಂಟಿಮೀಟರ್ ಇದೆ. ಎಡಕ್ಕೆ ಐದು ಡಿಗ್ರಿ" ಎಂದೆ.

ಮೈದುನ ಎಂಜಿನ್ ಆರಿಸಿ ಇಳಿದು ಬಂದ. "ಅತ್ತಿಗೆ, 'ಬರ್ಲಿ' ಅಥವಾ 'ಸಾಕು', ಎರಡರಲ್ಲಿ ಒಂದು ಹೇಳಿ ಮಾರಾಯ್ರೆ. ನಂಗೆ ಪರೀಕ್ಷೆ ಉಂಟಾ ಎಂತ?"

೨. ನಕಾಶೆ

ವ್ಯಾನಿನ ಸ್ವಂತ ರಿವರ್ಸ್ ಲೈಟು ಊದುಬತ್ತಿಯ ತುದಿಯಷ್ಟೇ ಬೆಳಕು ಕೊಡುತ್ತದೆ. ದೊಡ್ಡದು ಎರಡು ಬೇಕಿತ್ತು. ಕೊಕ್ಕೆಯ ಪಕ್ಕದಲ್ಲಿ ಏಳು ತೂತಿನ ಸಾಕೆಟ್ಟು ಒಂದಿದೆ; ಟ್ರೇಲರಿನ ಇಂಡಿಕೇಟರು, ಬ್ರೇಕ್ ಲೈಟುಗಳಿಗೆ ಕರೆಂಟು ಹೋಗುವುದು ಅಲ್ಲಿಂದಲೇ. ಅದರ ಒಂದು ತೂತಿಗೆ ರಿವರ್ಸ್ ಗೇರಿನ ತಂತಿಯೂ ಬಂದಿತ್ತು. ವ್ಯಾನಿನ ಒಂದು ತಂತಿಯನ್ನೂ ಕತ್ತರಿಸದೆ ಅಲ್ಲಿಂದಲೇ ಕರೆಂಟು ತೆಗೆದುಕೊಳ್ಳಬಹುದು ಎಂದು ಲೆಕ್ಕ ಹಾಕಿದೆ. ಟ್ರೇಲರು ಆ ವಾರ ಮಹಾಪೆಯಲ್ಲಿ ವೆಲ್ಡಿಂಗಿಗೆ ಹೋಗಿತ್ತು, ಸಾಕೆಟ್ಟು ಖಾಲಿ ಇತ್ತು. ಅನುಕೂಲವೇ ಆಯಿತು ಎಂದುಕೊಂಡು, ಸ್ಕೇಲು ಹಿಡಿದು ನಾಲ್ಕು ಬಣ್ಣದಲ್ಲಿ ನಕಾಶೆ ಬರೆದೆ.

ಶಹಾಡ್‌ನಲ್ಲಿ ಗಾಡಿಗಳ ವೈರಿಂಗ್ ಮಾಡುವ ಮೇಸ್ತ್ರಿ ಒಬ್ಬರಿದ್ದಾರೆ, ಕಲಬುರಗಿ ಕಡೆಯವರು. ನಕಾಶೆಯನ್ನು ಉದ್ದಕ್ಕೂ ಅಡ್ಡಕ್ಕೂ ಹಿಡಿದು ನೋಡಿದರು.

"ಎರಡ ಲೈಟಿಗೆ ಇಷ್ಟ ದೊಡ್ಡ ನಕಾಶಿ ಯಾಕ್ರಿ ಟೀಚರಮ್ಮ? ಒಂದ ತಂತಿ ಹಿಂಗ, ಒಂದ ತಂತಿ ಹಂಗ, ಮುಗದ ಹೋತು."

"ಅಂದಾಜಿನ ಕೆಲಸ ಬೇಡ. ಇದರಲ್ಲಿ ಇದ್ದ ಹಾಗೆಯೇ ಮಾಡಿ. ರಿಲೇ, ಫ್ಯೂಸು ಎರಡೂ ಇರಬೇಕು."

"ಇದ್ದಂಗೇ ಮಾಡಬೇಕೇನ್ರಿ?"

"ಇದ್ದ ಹಾಗೆಯೇ."

"ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ ಮತ್ತ."

ಲೈಟು ಎರಡನ್ನೂ ವ್ಯಾನಿನ ಹಿಂದಿನ ಬಂಪರಿಗೆ ಕೂರಿಸಿ, ಪ್ಲಗ್ಗನ್ನು ಸಾಕೆಟ್ಟಿಗೆ ಚುಚ್ಚಿದರು. ಮೈದುನ ಬ್ರೇಕಿನ ಮೇಲೆ ಕಾಲಿಟ್ಟು ರಿವರ್ಸ್ ಗೇರು ಹಾಕಿದ. ಇಡೀ ಗಲ್ಲಿ ಬೆಳ್ಳಗಾಯಿತು. ಮೇಸ್ತ್ರಿ ಕಣ್ಣಿಗೆ ಕೈ ಅಡ್ಡ ಹಿಡಿದು, "ನಕಾಶಿ ಭಾಳ ಛಲೋ ಐತ್ರಿ" ಎಂದು ಅದನ್ನು ನನ್ನಿಂದ ಕೇಳಿ ಪಡೆದು ಅಂಗಡಿಯ ಗೋಡೆಗೆ ಅಂಟಿಸಿಕೊಂಡರು. ಅದು ಅಲ್ಲಿ ಇನ್ನೆಷ್ಟು ಗಾಡಿಗಳನ್ನು ಕೆಡಿಸಿದೆಯೋ ನನಗೆ ಗೊತ್ತಿಲ್ಲ.

೩. ಶಿಳ್‌ಫಾಟಾ

ಅಲ್ಲಿಂದ ಹಾಗೇ ಟ್ರೇಲರು ತರಲು ಮಹಾಪೆಗೆ ಹೊರಟೆವು. ಶಿಳ್‌ಫಾಟಾದಲ್ಲಿ ಎಂದಿನಂತೆ ಟ್ರಾಫಿಕ್ ಜಾಮು. ಮೈದುನ ಬ್ರೇಕು ಒತ್ತಿ ನಿಲ್ಲಿಸಿದ. ನಮ್ಮ ಹಿಂದಿದ್ದ ರಿಕ್ಷಾದವನು ಒಮ್ಮೆ ಕೂಗಿ ರಿಕ್ಷಾವನ್ನು ಹಿಂದಕ್ಕೆ ತೆಗೆದ. ಅವನ ಹಿಂದಿನ ಟೆಂಪೋ ಹಿಂದಕ್ಕೆ ಹೋಯಿತು. ಅದರ ಹಿಂದಿನದೂ ಹೋಯಿತು. ಮುಂದಿನ ಸಾಲು ಜರುಗಿತು, ನಾವು ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ನಿಂತೆವು. ಹಿಂದೆ ಮತ್ತೆ ಅದೇ ಕೂಗು, ಮತ್ತೆ ಎಲ್ಲರೂ ಹಿಂದಕ್ಕೆ.

ನಾನು ಇಳಿದು ನೋಡಿದೆ. ಬ್ರೇಕು ಒತ್ತಿದಾಗಲೆಲ್ಲ ರಿವರ್ಸ್ ಲೈಟು ಉರಿಯುತ್ತಿತ್ತು. ಹಿಂದಿನವರಿಗೆಲ್ಲ ನಾವು ಅವರ ಮೈಮೇಲೇ ಬರುತ್ತಿದ್ದೇವೆ ಎಂದು ಭಯ.

ತಪ್ಪು ನನ್ನದೇ. ಪ್ಲಗ್ಗು ಸಾಕೆಟ್ಟಿಗೆ ಮುಖಾಮುಖಿಯಾಗುವುದರಿಂದ ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಆಗುತ್ತದೆ ಎಂದು ತೂತುಗಳನ್ನು ಜಾಗ್ರತೆಯಿಂದ ತಿರುಗಿಸಿ ಬರೆದಿದ್ದೆ. ಆದರೆ ತಂತಿ ಕಟ್ಟುವುದು ಪ್ಲಗ್ಗಿನ ಮುಖಕ್ಕಲ್ಲ, ಬೆನ್ನಿಗೆ. ಬೆನ್ನಿನಿಂದ ನೋಡಿದರೆ ಎಲ್ಲ ಇನ್ನೊಮ್ಮೆ ತಿರುಗುತ್ತದೆ. ನಾನು ಒಂದೇ ಸಲ ತಿರುಗಿಸಿ ನಿಲ್ಲಿಸಿದ್ದೆ. ರಿವರ್ಸಿನ ತಂತಿ ಬ್ರೇಕಿನ ತೂತಿಗೆ ಹೋಗಿತ್ತು. ಶಹಾಡ್‌ನಲ್ಲಿ ಉರಿದದ್ದೂ ಗೇರಿನಿಂದಲ್ಲ, ಮೈದುನನ ಕಾಲಿನಿಂದ.

"ಪ್ಲಗ್ಗು ಕೀಳು" ಎಂದೆ.

ಮೈದುನ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದ. ಅಷ್ಟು ಖಾಲಿ ರಸ್ತೆಯನ್ನು ಶಿಳ್‌ಫಾಟಾದಲ್ಲಿ ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ. "ಯಾಕೆ ಅತ್ತಿಗೆ? ಮಹಾಪೆ ತನಕ ಇರ್ಲಿ. ಒಬ್ಬನಾದ್ರೂ ಹಾರ್ನ್ ಹೊಡಿತಾ ಇದ್ದಾನಾ ನೋಡಿ!"

೪. ಮಹಾಪೆ

ವೆಲ್ಡಿಂಗಿನವನು ಟ್ರೇಲರು ತಯಾರು ಮಾಡಿ ಇಟ್ಟಿದ್ದ. ಮೈದುನ ಅದನ್ನು ಕೊಕ್ಕೆಗೆ ಸಿಕ್ಕಿಸಿದ. ಆಮೇಲೆ ಟ್ರೇಲರಿನ ಪ್ಲಗ್ಗು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟ.

"ಅತ್ತಿಗೆ, ಇದನ್ನು ಎಲ್ಲಿ ಚುಚ್ಚುದು?"

ಸಾಕೆಟ್ಟು ಒಂದು, ಪ್ಲಗ್ಗು ಎರಡು. ನನ್ನ ಲೈಟುಗಳು ಉರಿಯಬೇಕಾದರೆ ಟ್ರೇಲರು ಇರಕೂಡದು. ಅದೂ ಸಾಲದೆಂಬಂತೆ, ಬಂಪರಿನ ಲೈಟುಗಳ ಮುಂದೆ ಈಗ ಟ್ರೇಲರು ಗೋಡೆಯ ಹಾಗೆ ನಿಂತಿತ್ತು. ಅವು ಬೆಳಗಿದರೆ ಇಡ್ಲಿ ಪೆಟ್ಟಿಗೆಯನ್ನೇ ಬೆಳಗಬೇಕು.

ಶಹಾಡ್‌ಗೆ ಫೋನು ಮಾಡಿ ಎರಡು ತಪ್ಪನ್ನೂ ಕ್ರಮವಾಗಿ ಹೇಳಿದೆ. ಮೇಸ್ತ್ರಿ ನಗುವುದಕ್ಕೆ ಫೋನು ದೂರ ಹಿಡಿದಿದ್ದರು ಎಂದು ಕಾಣುತ್ತದೆ. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದರು: "ಟೀಚರಮ್ಮ, ನಕಾಶ್ಯಾಗ ಏಳೂ ತೂತ ಬರದಿದ್ರಿ, ನಟ್ಟು ಬೋಲ್ಟೂ ಬರದಿದ್ರಿ. ಟ್ರೇಲರ್ ಒಂದ ಬರದಿದ್ದಿಲ್ಲರಿ."

ಮುಂದಿನ ಭಾನುವಾರ ಲೈಟುಗಳು ಟ್ರೇಲರಿನ ಬೆನ್ನಿಗೆ ಹೋದವು. ತಂತಿ ಟ್ರೇಲರಿನ ಪ್ಲಗ್ಗಿಗೇ ಸೇರಿತು, ಸರಿಯಾದ ತೂತಿಗೆ. ಮೇಸ್ತ್ರಿ ನಕಾಶೆ ಇಲ್ಲದೆ ಮಾಡಿದರು. ಒಂದು ಗಂಟೆಯೂ ಹಿಡಿಯಲಿಲ್ಲ.

೫. ಪ್ರಶ್ನೆಪತ್ರಿಕೆ

ತಪ್ಪು ವ್ಯರ್ಥವಾಗಬಾರದು ಎಂದು ಒಂಬತ್ತನೆಯ ತರಗತಿಯ ಕಿರುಪರೀಕ್ಷೆಗೆ ಅದನ್ನೇ ಕೊಟ್ಟೆ: ಏಳು ತೂತಿನ ಸಾಕೆಟ್ಟು, ಅದಕ್ಕೆ ಸೇರುವ ಪ್ಲಗ್ಗು; ಬೆನ್ನಿನ ಕಡೆಯಿಂದ ನೋಡಿದರೆ ಯಾವ ತಂತಿ ಎಲ್ಲಿ ಬರುತ್ತದೆ? ನಲವತ್ತೆರಡು ಮಕ್ಕಳಲ್ಲಿ ನಲವತ್ತೊಂದು ಮಕ್ಕಳು ನನ್ನ ಹಾಗೆಯೇ ತಪ್ಪು ಬರೆದರು. ಉಳಿದ ಒಬ್ಬಳು ಬರೆದಿದ್ದಳು: "ಎರಡೂ ರೀತಿ ಜೋಡಿಸಿ, ಬ್ರೇಕಿನಿಂದ ಕಾಲು ತೆಗೆದು ನೋಡಬೇಕು."

ಪೂರ್ತಿ ಅಂಕ ಕೊಟ್ಟೆ. ಅವಳ ಅಪ್ಪ ಟೆಂಪೋ ಓಡಿಸುತ್ತಾರೆಂದು ಆಮೇಲೆ ತಿಳಿಯಿತು.

೬. ಮೂರನೆಯ ಸಲ

ಮೂರನೆಯ ಭಾನುವಾರ ಬೆಳಗ್ಗೆ ವಾಶಿಯಲ್ಲಿ ಒಂದು ನಾಮಕರಣದ ತಿಂಡಿ ಮುಗಿಸಿ, ಟ್ರೇಲರು ಸಮೇತ ಮನೆಗೆ ಬಂದೆವು. ಗೇಟಿನಲ್ಲೇ ಸೆಕ್ರೆಟರಿ ನಿಂತಿದ್ದರು. "ದೇಖತಾ ಹೂಂ ಆಜ್" ಎಂದರು, ಇವತ್ತು ನೋಡಿಯೇ ಬಿಡುತ್ತೇನೆ ಎಂಬಂತೆ. ಇವತ್ತು ತಾಗಿದರೆ ನಾಳೆ ವ್ಯಾನು ಮಾರಾಟಕ್ಕೆ.

ಮೈದುನ ರಿವರ್ಸ್ ಹಾಕಿದ. ಪಾರ್ಕಿಂಗಿನ ಕೊನೆಯ ತನಕ ಬೆಳಕು ಹರಿಯಿತು. ಸೈಡ್ ಕನ್ನಡಿಯಲ್ಲಿ ನೋಡಿ ಅವನು ಕೂಗಿದ: "ಅತ್ತಿಗೆ, ಗೋಡೆ ಮೇಲಿನ ಹಲ್ಲಿಯ ಬಾಲ ಕೂಡ ಕಾಣ್ತದೆ!" ಟ್ರೇಲರು ನೆಟ್ಟಗೆ, ಗೀಟು ಎಳೆದ ಹಾಗೆ ಹಿಂದಕ್ಕೆ ಸರಿಯತೊಡಗಿತು. ನಾನು ಒಂದೂ ಸೆಂಟಿಮೀಟರ್ ಮಾತನಾಡಲಿಲ್ಲ.

ಆದರೆ ನಮ್ಮೂರಿನ ಜನಕ್ಕೆ ಹಿಂದಕ್ಕೆ ಬರುವ ಗಾಡಿ ಕಂಡರೆ ಸುಮ್ಮನಿರಲು ಆಗುವುದಿಲ್ಲ. ವಾಚ್‌ಮನ್ ಬಂದು "ಆನೇ ದೋ, ಆನೇ ದೋ" ಎಂದು ಗಾಡಿಯನ್ನು ಹಿಂದಕ್ಕೆ ಕರೆದ. ಹಾಲು ತರಲು ಹೊರಟಿದ್ದ ಮೊದಲ ಮಹಡಿಯ ಅಜ್ಜಿ ಚೀಲ ಕೆಳಗಿಟ್ಟು, "ಡಾವೀಕಡೆ, ಡಾವೀಕಡೆ" ಎಂದು ಎಡಕ್ಕೆ ತೋರಿಸಿದರು. ಸೆಕ್ರೆಟರಿ ಒಂದು ನಿಮಿಷ ತಡೆದುಕೊಂಡರು. ಅದಕ್ಕಿಂತ ಹೆಚ್ಚು ಅವರಿಂದಾಗಲಿಲ್ಲ. ಇಬ್ಬರನ್ನೂ ಪಕ್ಕಕ್ಕೆ ಸರಿಸಿ, ಸರಿಯಾಗಿ ಲೈಟಿನ ಎದುರಿಗೇ ನಿಂತು, ಎರಡೂ ಕೈ ಬೀಸತೊಡಗಿದರು: "ಯೇಊ ದ್ಯಾ, ಯೇಊ ದ್ಯಾ, ಯೇಊ ದ್ಯಾ!"

ಗೋಡೆಯೂ ಹೋಯಿತು, ಹಲ್ಲಿಯೂ ಹೋಯಿತು. ಕನ್ನಡಿಯ ತುಂಬ ಸೆಕ್ರೆಟರಿ. ಮೈದುನ ಏನು ಮಾಡಿಯಾನು? ಸೊಸೈಟಿಯ ಸೆಕ್ರೆಟರಿಯೇ ಬರಲಿ ಎನ್ನುತ್ತಿದ್ದಾರೆ, ಅವನು ಬಂದ. ಅವರು ಪಕ್ಕಕ್ಕೆ ಹಾರಿದರು.

ಧಡ್!

ಗಾರೆಯ ಪುಡಿ ಇನ್ನೂ ಉದುರುತ್ತಿತ್ತು. ಸೆಕ್ರೆಟರಿಯ ಬಲಗೈ ಇನ್ನೂ ಗಾಳಿಯಲ್ಲಿತ್ತು. ವಾಚ್‌ಮನ್ ಅದನ್ನು ನೋಡಿದ, ಅಜ್ಜಿ ನೋಡಿದರು, ಮೈದುನ ಇಳಿದು ಬಂದು ಅವನೂ ನೋಡಿದ. ಸೆಕ್ರೆಟರಿ ಮೆಲ್ಲಗೆ ಕೈ ಇಳಿಸಿ, ಗೋಡೆಯ ಹತ್ತಿರ ಹೋಗಿ, ಹೊಸ ಗುಂಡಿಯನ್ನು ಹೆಬ್ಬೆರಳಿನಿಂದ ಸವರಿ ತೀರ್ಪು ಕೊಟ್ಟರು:

"ಯೇ ತೋ ಪುರಾನಾ ಹೈ."

ಹಳೆಯದಂತೆ! ಅಜ್ಜಿ ಅವರ ಅಂಗಿಯ ಮೇಲಿನ ಗಾರೆ ಪುಡಿಯನ್ನು ಕೊಡವಿ, ಚೀಲ ಎತ್ತಿಕೊಂಡು ಹಾಲಿಗೆ ಹೋದರು. ಗಾಡಿ ಹೊರಗೆ ಹಾಕುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮರುದಿನ ಲಿಫ್ಟಿನ ಪಕ್ಕ ಸೆಕ್ರೆಟರಿಯ ಸಹಿಯ ನೋಟಿಸು ಬಂತು: ವಾಹನ ಹಿಂದಕ್ಕೆ ತೆಗೆಯುವಾಗ ಸದಸ್ಯರು ಯಾರೂ ಕೈ ತೋರಿಸಕೂಡದು. ಒಳ್ಳೆಯ ನಿಯಮ. ಅದೇ ಸಂಜೆ ಮೈದುನ ಟ್ರೇಲರು ಒಳಗೆ ತೆಗೆಯುವಾಗ ಇಣುಕಿ ನೋಡಿದೆ. ಸೆಕ್ರೆಟರಿ ಮತ್ತೆ ಅದೇ ಲೈಟಿನ ಎದುರಿಗೆ ನಿಂತು, ಗಂಟಲು ಹರಿಯುವ ಹಾಗೆ "ಯೇಊ ದ್ಯಾ, ಯೇಊ ದ್ಯಾ" ಎಂದು ಕೂಗುತ್ತಿದ್ದರು. ಕೈ ಎರಡನ್ನೂ ಮಾತ್ರ ಬೆನ್ನ ಹಿಂದೆ ಬಿಗಿಯಾಗಿ ಕಟ್ಟಿಕೊಂಡಿದ್ದರು.