ಬ್ರೇಕಿಗೆ ಎಣ್ಣೆ ಹಚ್ಚಿದ್ದು

ಎಣ್ಣೆಯಿಂದ ಆಗದ ಕೆಲಸ ಲೋಕದಲ್ಲಿ ಇಲ್ಲವೆಂದು ನಾನು ಮೊನ್ನೆಯವರೆಗೂ ನಂಬಿದ್ದೆ. ಕಾನ್ವೆಂಟಿನ ಸಿಸ್ಟರ್ ನಮ್ಮ ತಲೆಯ ಎಣ್ಣೆ ಕಂಡರೆ ಮೂಗು ಮುರಿಯುತ್ತಿದ್ದರು. ಡೆಸ್ಕಿನ ಕೀಲು ಕಿರುಗುಟ್ಟಿದರೆ ಮಾತ್ರ ತಾವೇ ಬಾಟಲಿ ಹುಡುಕುತ್ತಿದ್ದರು. ಮನೆಯಲ್ಲಿ ಅವ್ವ ದಸರೆಯ ಖಂಡೇ ಪೂಜೆಯ ದಿನ ಕುಡುಗೋಲು, ಈಳಿಗೆ, ಕಬ್ಬಿಣವೆಂಬುದಕ್ಕೆಲ್ಲ ಕುಸುಬೆ ಎಣ್ಣೆ ಸವರಿ ಕುಂಕುಮ ಇಡುತ್ತಿದ್ದಳು. ಇಂಗ್ಲಿಷೂ ಎಣ್ಣೆಯ ಕಡೆ, ಕನ್ನಡವೂ ಎಣ್ಣೆಯ ಕಡೆ. ನಾನಾದರೂ ಏನು ಮಾಡಲಿ?

ಈ ಸಲ ಖಂಡೇ ಪೂಜೆಯ ಹೊತ್ತಿಗೆ ರಾಮತೀರ್ಥ ನಗರದ ನಮ್ಮ ಅಂಗಳದಲ್ಲಿ ಜೀಪಿನ ಟ್ರೇಲರ್ ಜ್ಯಾಕಿನ ಮೇಲೆ ನಿಂತಿತ್ತು. ಎಂದೋ ದಂಡಿನ ಕ್ಯಾಂಪಿನ ಹಳೇ ಬಂಗಲೆಯಿಂದ ಬಂದ ನನ್ನ ಪಿಯಾನೋ ಅದರಲ್ಲಿ ಖಾನಾಪುರಕ್ಕೆ ಹೋಗಬೇಕಿತ್ತು. ಅಲ್ಲಿ ನನ್ನ ಕ್ಲಾಸ್‌ಮೇಟ್ ರೋಜಿ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಇನ್ನು ವಾರಕ್ಕೊಮ್ಮೆ ಹೋಗಿ ಪಿಯಾನೋ ಕಲಿಸುವವಳು ನಾನು. ಎಪ್ಪತ್ತು ದಾಟಿದ ಮೇಲೆ ಯಾರಾದರೂ ‘ಟೀಚರ್’ ಎಂದು ಕರೆಯುತ್ತಾರೆಂದರೆ, ವಾಟ್ ಎ ಥ್ರಿಲ್! ಆದರೆ ನಮ್ಮವರದು ಒಂದೇ ಕಂಡೀಷನ್: “ಬ್ರೇಕ್ ಪಾಸಾದ್ರ ಪಿಯಾನೋ ಹೋಗತೈತಿ. ಇಲ್ಲಾಂದ್ರ ಅದರ ಮ್ಯಾಲೆ ಹಪ್ಪಳ ಒಣಗಸು.”

ಈ ಟ್ರೇಲರಿನ ಬ್ರೇಕಿಗೆ ಪೆಡಲ್ ಇಲ್ಲ. ಜೀಪ್ ನಿಂತಾಗ ಟ್ರೇಲರ್ ಹಿಂದಿನಿಂದ ಬಂದು ಒತ್ತುತ್ತದೆ. ಆ ಒತ್ತಿಗೇ ಬ್ರೇಕ್ ಆಯಿಲ್ ಪೈಪಿನಲ್ಲಿ ಓಡಿ ಅದರ ಚಕ್ರ ಹಿಡಿಯುತ್ತದೆ. ನಮ್ಮ ಸಂಸಾರವೂ ಹೀಗೇ ನಡೆದಿದೆ. ಇವರು ನಿಲ್ಲುತ್ತಾರೆ, ನಾನು ಹಿಂದಿನಿಂದ ಒತ್ತುತ್ತೇನೆ. ಇರಲಿ. ಅಂದು ಇವರು ಚಕ್ರ ಬಿಚ್ಚಿ, ಡ್ರಮ್ ತೆಗೆದು, ಪೈಪು ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬ್ರೇಕ್ ಆಯಿಲ್ ತರಲು ಹೋದರು. ನಾನು ಆರತಿ ತಟ್ಟೆ ಹಿಡಿದು ಬಂದೆ. ಒಳಗೆ ಎರಡು ಕಪ್ಪು ಕಮಾನು, ಪಾಪ, ಒಣಗಿ ಕೂತಿದ್ದವು. ಅವ್ವನನ್ನು ನೆನೆದು ಧಾರಾಳವಾಗಿ ಎಣ್ಣೆ ಸವರಿದೆ.

“ಇದೇನ ಹಿಂಗ ಮಿಂಚಾಕತ್ತೈತಿ?” ಎಂದರು ಆಯಿಲ್ ತಂದ ಇವರು.

“ಪೂಜಾ ಮಾಡೇನ್ರೀ.”

“ಚಕ್ರಾ ಹಿಡಿಯೂ ಲೈನರಿಗೆ ಎಣ್ಣಿ ಹಚ್ಚಿದೇನ! ಇದು ಬ್ರೇಕ್ ಅಲ್ಲ ಈಗ, ಜಾರಬಂಡಿ!”

“ಒರಸಿ ಕೊಡ್ಲೇನ್ರೀ?”

“ಎಣ್ಣಿ ಹೀರಿ ಕುಂತಾವ. ಹೊಸಾವ ಹಾಕಬೇಕು.”

ನನ್ನ ಕಣ್ಣ ಮುಂದೆ ಪಿಯಾನೋ ತುಂಬ ಹಪ್ಪಳ.

ಹೊಸ ಲೈನರ್ ಬಂದವು. ಆಮೇಲೆ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ. ಮುಂದಿನ ಕೊಂಡಿಯ ಹತ್ತಿರ ಸನ್ನೆಗೋಲು ಒತ್ತುವವಳು ನಾನು. ಚಕ್ರದ ಬಳಿ ಮಲಗಿ ಸ್ಕ್ರೂ ಸಡಿಲಿಸುವವರು ಇವರು. “ಒತ್ತು… ಹಿಡಿ… ಬಿಡಬ್ಯಾಡ!” ನಾನು ಬಿಟ್ಟೆ. “ಮತ್ತ ಗಾಳಿ ಹೊಕ್ಕತು ನೋಡು!” ಪಿಯಾನೋ ಪೆಡಲ್ ಕಲಿಸುವಾಗ ಸಿಸ್ಟರೂ ಹೀಗೇ ಕೂಗುತ್ತಿದ್ದರು: ಹೋಲ್ಡ್, ಚೈಲ್ಡ್, ಹೋಲ್ಡ್! ಅದು ನೆನಪಾದ ಮೇಲೆಯೇ ನನ್ನ ಕೈ ಹದಕ್ಕೆ ಬಂತು. ಗುಳ್ಳೆಗಳು ನಿಂತವು. ಮರಳಿನ ಚೀಲ ಹೇರಿ ಪೀರನವಾಡಿಯ ಕಡೆ ಖಾಲಿ ರಸ್ತೆಯಲ್ಲಿ ಬ್ರೇಕ್ ಹಾಕಿ ನೋಡಿದೆವು. ಟ್ರೇಲರ್ ಪ್ರಾರ್ಥನೆಯ ಗಂಟೆ ಕೇಳಿದ ಕಾನ್ವೆಂಟ್ ಹುಡುಗಿಯಂತೆ ನೆಟ್ಟಗೆ ನಿಂತಿತು.

ಪಿಯಾನೋ ಖಾನಾಪುರ ಮುಟ್ಟಿತು. “ಟೀಚರ್, ಬಾರಸ್ರೀ!” ಎಂದು ಮಕ್ಕಳು ಸುತ್ತುವರಿದರು. ಕೂತು ಪೆಡಲ್ ಒತ್ತಿದೆ. ಕಿರ್ ಎಂದಿತು. ನನ್ನ ಕೈ ತಾನಾಗಿಯೇ ಚೀಲದೊಳಗಿನ ಎಣ್ಣೆ ಬಾಟಲಿಗೆ ಹೋಯಿತು.

“ಏ! ಕೈ ತಗಿ!” ಎಂದರು ಹಿಂದಿನಿಂದ ಇವರು.

ನಾನು ಥಟ್ಟನೆ ನಿಂತೆ. ಹೀಗೆ ಬ್ರೇಕ್ ಟೆಸ್ಟಿನಲ್ಲಿ ನಾನೂ ಪಾಸಾದೆ. ಪಾಠ ಕಿರುಗುಟ್ಟುತ್ತಲೇ ಶುರುವಾಯಿತು. ಆ ಸದ್ದು ಪೆಡಲಿನದಲ್ಲ, ನನ್ನ ಮೊಣಕಾಲಿನದು ಎಂದು ಎರಡನೇ ಹಾಡಿಗೆ ಗೊತ್ತಾಯಿತು. ಮನೆಗೆ ಬಂದ ಮೇಲೆ ಎಣ್ಣೆ ಅದಕ್ಕೇ ಹಚ್ಚಿಕೊಂಡೆ.